ಸುಟ್ಟದ್ದಕ್ಕೆ ಮುಸುರೆಯಿಲ್ಲ

ನಮ್ಮ ಮೋಜಣಿದಾರರು ತೀರಿಕೊಂಡರೆಂದು ಹೊಳಲ್ಕೆರೆಯಿಂದ ಕಾಗದ ಬಂದಿದೆ. ‘ಕೊನೆಯ ದಿನದವರೆಗೂ ಗಟ್ಟಿಯಾಗಿದ್ದರು’ ಎಂದು ಅದರಲ್ಲಿ ಬರೆದಿದೆ. ಸತ್ತವರ ವಿಷಯದಲ್ಲಿ ಬರೆಯುವ ಇಂಥ ಮಾತುಗಳನ್ನು ನಾನು ಸಾಧಾರಣವಾಗಿ ಅರ್ಧಕ್ಕೆ ಇಳಿಸಿ ಓದಿಕೊಳ್ಳುವವನು. ಇದನ್ನು ಮಾತ್ರ ಇದ್ದ ಹಾಗೇ ನಂಬಿದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ನೆಂಟರಿಷ್ಟರನ್ನು ಕರೆಸಿಕೊಂಡು, ಗಂಜಿ ಕುಡಿದು ಸಾಯುವುದು ಅವರಿಗೆ ಒಗ್ಗುವ ಕೆಲಸವಲ್ಲ. ಮುಖ್ಯವಾಗಿ ಗಂಜಿ. ಬೇಯಿಸಿದ ಪದಾರ್ಥಗಳ ಮೇಲೆ ಅವರಿಗಿದ್ದ ತಿರಸ್ಕಾರದಲ್ಲಿ ಗಂಜಿಗೇ ಮೊದಲ ಸ್ಥಾನ.

ಮೈಸೂರು ಸಂಸ್ಥಾನದ ಮೋಜಣಿ ಇಲಾಖೆಯೆಂದರೆ ರೈತರ ಹೊಲಗಳನ್ನು ಸರಪಣಿ ಹಿಡಿದು ಅಳೆದು, ಎಲ್ಲೆಗೆ ಕಲ್ಲು ನೆಡಿಸುವ ಇಲಾಖೆ. ಅವರು ಅಲ್ಲಿ ಅಳೆಯುವವರು, ನಾನು ಅವರು ಅಳೆದದ್ದನ್ನು ಬರೆಯುವ ಗುಮಾಸ್ತ. ನಮ್ಮ ಕೆಲಸಕ್ಕೆ ಕಾಲವೆಂದರೆ ಚಳಿಗಾಲ. ಮಳೆಗಾಲದಲ್ಲಿ ನಮ್ಮ ಸೀಮೆಯ ಎರೆಮಣ್ಣಿಗೆ ಕಾಲಿಟ್ಟರೆ ಕಾಲು ವಾಪಸು ಬರುತ್ತದೆ, ಕೆರ ಬರುವುದಿಲ್ಲ. ಬೇಸಿಗೆಯಲ್ಲಿ ಕಬ್ಬಿಣದ ಸರಪಣಿ ಮುಟ್ಟಿದರೆ ಕೈ ಬರುತ್ತದೆ, ಚರ್ಮ ಬರುವುದಿಲ್ಲ. ಆದ್ದರಿಂದ ಕಾರ್ತಿಕದಿಂದ ಶಿವರಾತ್ರಿಯವರೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಬಯಲಿನಲ್ಲಿ ಡೇರೆ ಹಾಕಿಕೊಂಡು ನಾವು ಅಲೆಯುತ್ತಿದ್ದೆವು. ಆ ನಾಲ್ಕು ತಿಂಗಳು ಮೋಜಣಿದಾರರು ಒಲೆಯ ಮುಖ ನೋಡುತ್ತಿರಲಿಲ್ಲ. ಅವರ ಊಟವೆಲ್ಲ ಬಯಲಿನಲ್ಲಿ, ಕೆಂಡದ ಮೇಲೆ.

ಇದನ್ನು ಅವರು ಹೊಟ್ಟೆಪಾಡು ಎಂದು ತಿಳಿದಿರಲಿಲ್ಲ, ಶಾಸ್ತ್ರವೆಂದು ತಿಳಿದಿದ್ದರು. ಅದಕ್ಕೊಂದು ಪಂಚಾಂಗವಿತ್ತು. ಮೊದಲು ರಾಗಿಯ ಹಾಲುತೆನೆ. ಆಮೇಲೆ ಶೇಂಗಾ. ಧನುರ್ಮಾಸಕ್ಕೆ ಅವರೆಕಾಯಿ, ಗೆಣಸು. ಸಂಕ್ರಾಂತಿಯ ಆಸುಪಾಸು ಎಳೆಜೋಳದ ತೆನೆ. ನಡುನಡುವೆ ದಿನ ವಾರ ನೋಡದೆ ಬದನೆಕಾಯಿ. ಯಾವುದಕ್ಕೆ ಯಾವ ಬೆಂಕಿ ಎಂಬುದಕ್ಕೂ ವಿಧಿಯಿತ್ತು. ತೆನೆಗೆ ಕುಳ್ಳಿನ ಬೆಂಕಿ, ಗೆಣಸಿಗೆ ಜಾಲಿಯ ಕೆಂಡ, ಶೇಂಗಾಕ್ಕೆ ಅದರದೇ ಒಣಗಿದ ಬಳ್ಳಿ. ಉರಿ ಏಳುವಾಗಲೇ ಗೆಣಸು ಹಾಕಲು ಹೋದ ನನ್ನ ಕೈ ಹಿಡಿದು ಅವರು ಹೇಳಿದ್ದುಂಟು: “ಉರಿಯಾಗೆ ಸುಡೋನು ಬಣವೆಗೆ ಬೆಂಕಿ ಇಟ್ಟೋನ ತಮ್ಮ ಕಣಯ್ಯ. ತಡಿ, ಕೆಂಡ ಆಗ್ಲಿ. ಬೆಂಕಿಗೆ ಬುದ್ಧಿ ಬರೋದೇ ಕೆಂಡ ಆದ ಮ್ಯಾಲೆ.”

ಆಳು ಎತ್ತರ, ಸ್ವಲ್ಪ ಮುಂದಕ್ಕೆ ಬಾಗಿದ ನಡು. ಗುರಿ ಹಿಡಿದು ನೋಡಿ ನೋಡಿ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ಹೊಸಬರು ತಮ್ಮನ್ನು ಅನುಮಾನಿಸುತ್ತಿದ್ದಾರೆಂದು ತಿಳಿದು ಕೇಳದೆಯೇ ನಿಜ ಹೇಳಿಬಿಡುತ್ತಿದ್ದರು. ಹಣೆಯ ಮೇಲೆ ಮೂರು ಬೆರಳು ವಿಭೂತಿ. ಬೆಳಗಿನ ಜಾವದ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಿ, ಲಿಂಗಪೂಜೆ ಮುಗಿಸದೆ ಬೆಂಕಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮೈಮೇಲೊಂದು ಕರಿಯ ಉಣ್ಣೆ ಕೋಟು. ಅದರ ತುಂಬ ಕಿಡಿ ಹಾರಿ ಬಿದ್ದ ತೂತು. ಬೇರೆ ಕೋಟು ಹೊಲಿಸಿಕೊಳ್ಳಿ ಎಂದು ನಾನೊಮ್ಮೆ ಅಂದಾಗ, “ಸಿಪಾಯಿಗಳು ಪದಕ ಹಾಕ್ಕಂತಾರೆ, ಅವರಿಗೆ ಯಾರಾದ್ರೂ ಹಿಂಗೆ ಹೇಳ್ತಾರಾ?” ಎಂದು ಕೇಳಿದರು.

ಸರಪಣಿ ಎಳೆದಾಗಲೆಲ್ಲ ಗುರುತಿಗೆಂದು ನೆಲಕ್ಕೆ ಚುಚ್ಚಲು ಸರ್ಕಾರ ನಮಗೆ ಹತ್ತು ಕಬ್ಬಿಣದ ಸಲಾಕೆ ಕೊಟ್ಟಿತ್ತು. ಕೆಂಡದಲ್ಲಿ ಗೆಣಸು ಹೊರಳಿಸಲು ಅದಕ್ಕಿಂತ ಒಳ್ಳೆಯ ಆಯುಧ ಇಂದಿನವರೆಗೂ ನಾನು ಕಂಡಿಲ್ಲ. ದುರ್ಗದ ಜಿಲ್ಲಾ ಕಚೇರಿಯಿಂದ ತನಿಖೆಗೆ ಬಂದ ಮೇಲಧಿಕಾರಿಗಳು ಒಂದು ಸಲ ಸಲಾಕೆಗಳನ್ನು ಎತ್ತಿ ನೋಡಿ, “ಇವು ಯಾಕ್ರೀ ಇಷ್ಟು ಕಪ್ಪಾಗಿವೆ?” ಎಂದರು. “ಈ ಸೀಮೆ ಮಣ್ಣು ಕಪ್ಪು ಸ್ವಾಮಿ” ಎಂದರು ನಮ್ಮವರು, ಗಂಭೀರವಾಗಿ. ಅದು ಸುಳ್ಳಲ್ಲ. ಮಣ್ಣು ಕಪ್ಪೇ. ಕೇಳಿದ ಪ್ರಶ್ನೆಗೆ ಉತ್ತರವಲ್ಲ, ಅಷ್ಟೆ. ಸುಳ್ಳು ಹೇಳದೆ ನಿಜದಿಂದ ಪಾರಾಗುವ ಈ ವಿದ್ಯೆಯಲ್ಲಿ ಅವರ ಸಮಕ್ಕೆ ಬರುವವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ.

ಯಲ್ಲದಕೆರೆಯಲ್ಲಿ ಅಣ್ಣ ತಮ್ಮ ಇಬ್ಬರು ಒಂದು ಬದುವಿಗಾಗಿ ಮಾತು ಬಿಟ್ಟಿದ್ದರು. ಬದುವಿನ ಮೇಲೆ ಅವರೆಬಳ್ಳಿ ಹಬ್ಬಿ ಕಾಯಿ ಜಗ್ಗುತ್ತಿತ್ತು. ಅವರೆ ನಂದು ಎಂದು ಅಣ್ಣ, ಅವರೆ ನಂದು ಆದ್ದರಿಂದ ಬದುವೂ ನಂದು ಎಂದು ತಮ್ಮ. ಮೋಜಣಿದಾರರು ಇಬ್ಬರ ಹೇಳಿಕೆಯನ್ನೂ ಕೇಳಿ, “ಮೊದಲು ಸಾಕ್ಷಿ ವಿಚಾರಣೆ ಆಗ್ಲಿ” ಎಂದು ಅಪ್ಪಣೆ ಕೊಟ್ಟು ಇದ್ದಬದ್ದ ಕಾಯನ್ನೆಲ್ಲ ಕೀಳಿಸಿ ಕೆಂಡಕ್ಕೆ ಹಾಕಿಸಿದರು. ಆಮೇಲೆ, “ಬರ್ರಿ, ಕುಂತ್ಕಳ್ರಿ. ನಿಮ್ಮ ಸಾಕ್ಷಿ ಬಿಸಿಯಾಗೈತೆ” ಎಂದು ಇಬ್ಬರನ್ನೂ ಕರೆದರು. ಇಬ್ಬರೂ ಬೆನ್ನು ತಿರುಗಿಸಿಕೊಂಡೇ ಕುಳಿತು ತಿಂದರು. ಅರ್ಧ ರಾಶಿ ಕರಗಿದ ಮೇಲೆ ಅಣ್ಣ ಒಂದು ದಪ್ಪ ಕಾಯನ್ನು ತಮ್ಮನ ಕಡೆಗೆ ಉರುಳಿಸಿದ. ಆಮೇಲೆ ಅಳತೆಯಾಯಿತು, ಕಲ್ಲು ಬೀಳಬೇಕಾದ ಕಡೆ ಬಿತ್ತು. “ಅವರೇನೇ ಹೋದ ಮ್ಯಾಲೆ ಬದು ತಗಂಡು ಏನ್ ಮಾಡಾಣ ಬಿಡ್ರಿ” ಎಂದ ಸೋತವನು.

ಇನ್ನು ನಮ್ಮ ಬೆಂಕಿಯ ಯಜಮಾನನ ವಿಷಯ. ಅವನು ಮಲ್ಲ. ಸರಪಣಿಯ ಮುಂದಿನ ತುದಿ ಹಿಡಿಯುವವನು. ಊರಾಚೆಯ ಕೇರಿಯವನು. ಅಂದರೆ ಅವನು ಮುಟ್ಟಿದ ನೀರನ್ನು ನಮ್ಮ ಜನ ಕುಡಿಯುತ್ತಿರಲಿಲ್ಲ, ಅವನ ಮನೆಯ ಮಡಕೆಯ ನೆರಳಿಗೂ ಹೋಗುತ್ತಿರಲಿಲ್ಲ. ಆದರೆ ಗೆಣಸಿನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂಬುದನ್ನು ವಾಸನೆಯಲ್ಲೇ ಹೇಳಬಲ್ಲವನು ಅವನೊಬ್ಬನೇ. ಹಿರಿಯೂರು ಪೇಟೆಯ ಬಟ್ಟೆ ಅಂಗಡಿಯ ಮಡಿವಂತ ಮನೆಯಿಂದ ಬಂದ ನಾನು ಮೊದಲನೆಯ ದಿನ ಕೈ ಮುಂದೆ ಮಾಡಲಿಲ್ಲ. ಮಲ್ಲ ಸುಟ್ಟ ಗೆಣಸನ್ನು ಮೋಜಣಿದಾರರು ಮುರಿದು, ಹಬೆಯಾಡುವ ಅರ್ಧವನ್ನು ನನ್ನ ಕಡೆ ಚಾಚಿದ್ದರು.

“ಯಾಕಯ್ಯ ನೋಡ್ತೀಯ?”

“ಅವನು ಸುಟ್ಟದ್ದಲ್ವಾ…”

“ಸುಟ್ಟದ್ದಕ್ಕೆ ಮುಸುರೆಯಿಲ್ಲ” ಎಂದರು ಅವರು. “ಮುಸುರೆ ಮೈಲಿಗೆ ಅಂಟೋದು ನೀರು ಬಿದ್ದ ಅಡಿಗೆಗೆ. ಉಪ್ಪು ಬಿದ್ದದ್ದಕ್ಕೆ ಮುಸುರೆ. ಬರೀ ಬೆಂಕಿ ಕಂಡದ್ದಕ್ಕೆ ಏನೂ ಇಲ್ಲ. ಹುರಿಗಾಳು ಯಾರ ಕೈಲಾದ್ರೂ ತಗಂತೀವಿ ಹೌದಲ್ಲ? ನಿಮ್ಮವ್ವನ್ನೇ ಕೇಳು.”

ಕೇಳಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಅವ್ವ ಬಹಳ ಹೊತ್ತು ಯೋಚನೆ ಮಾಡಿ, “ಹೌದು ಕಣಪ್ಪ, ಶಾಸ್ತ್ರ ಹಂಗೇ ಐತೆ. ಹಾಳಾದ್ದು” ಅಂದಳು. ಅಂದಿನಿಂದ ನಮ್ಮ ಬೆಂಕಿಯ ಸುತ್ತ ಗೌಡ, ಶಾನುಭೋಗ, ಕುರುಬ, ಕಲ್ಲು ಹೊರುವವ ಎಲ್ಲರೂ ಕೂರುತ್ತಿದ್ದುದು ನನಗೂ ಸಹಜವೆನಿಸಿತು. ನೀರಿಲ್ಲ, ಉಪ್ಪಿಲ್ಲ. ರುಚಿಗೆ ಸ್ವಲ್ಪ ಕಡಿಮೆ, ಧರ್ಮಕ್ಕೆ ಪೂರ್ತಿ. ಈ ನಿಯಮ ಬೆಂಕಿಯ ಸುತ್ತ ಕೂತವರೆಲ್ಲರಿಗೂ ತಿಳಿದಿತ್ತು. ಬೆಂಕಿ ಮಾಡುವವನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವನಿಗೆ ಹೇಳಬೇಕೆಂದು ನಮಗ್ಯಾರಿಗೂ ಹೊಳೆಯಲೇ ಇಲ್ಲ.

ಮೋಜಣಿದಾರರ ಮಗಳು ನೀಲಮ್ಮನಿಗೆ ಭೀಮಸಮುದ್ರದಲ್ಲಿ ಗಂಡು ಗೊತ್ತಾಗಿತ್ತು. ಅಡಿಕೆ ವ್ಯಾಪಾರದ ದೊಡ್ಡ ಮನೆ. ವೀಳ್ಯ ಬದಲಾಯಿಸಿ ಆಗಿತ್ತು, ಲಗ್ನ ಫಾಲ್ಗುಣಕ್ಕೆ. ಸಂಬಂಧದ ವಿಷಯ ಬಂದಾಗ ಅವರು ಗೆಣಸಿನ ಮೇಲಿನ ಗಮನವನ್ನೂ ಕಳೆದುಕೊಳ್ಳುತ್ತಿದ್ದರು. ಇದ್ದವಳು ಒಬ್ಬಳೇ ಮಗಳು. ಹೀಗಿರುವಾಗ, ಮೋಜಣಿದಾರರು ಊರಾಚೆಯವನ ಕೈಯಲ್ಲಿ ತಿನ್ನುತ್ತಾರೆಂಬ ಸುದ್ದಿ ಭೀಮಸಮುದ್ರಕ್ಕೆ ಮುಟ್ಟಿತು. ಯಾರು ಒಯ್ದರೋ ತಿಳಿಯದು, ಸುದ್ದಿಗೆ ಗಾಡಿ ಎತ್ತು ಬೇಕಿಲ್ಲ. ಗಂಡಿನ ತಂದೆ ಹೇಳಿ ಕಳಿಸಿದರು: ಮಠದ ಅಯ್ಯನವರನ್ನು ಕರೆದುಕೊಂಡು ಸೋಮವಾರ ಬೆಳಿಗ್ಗೆ ನಿಮ್ಮ ಡೇರೆಗೇ ಬರುತ್ತೇವೆ. ಅಯ್ಯನವರು ವಿಚಾರಿಸಿ ದೋಷವಿಲ್ಲ ಎಂದರೆ ಲಗ್ನ. ಇದೆ ಎಂದರೆ ಇಲ್ಲ.

ಆಗ ನಮ್ಮ ಡೇರೆ ಮಲ್ಲನ ಊರಾದ ಬಿ.ದುರ್ಗದ ಹತ್ತಿರವಿತ್ತು. ಭಾನುವಾರ ಮಧ್ಯಾಹ್ನ ನಾನು ಹೆದರಿಕೊಂಡು ಸಲಹೆ ಕೊಟ್ಟೆ.

“ನಾಳೆ ಒಂದು ದಿನ ಬೆಂಕಿ ಹತ್ತಿರ ನೀವೇ ಕೂತುಬಿಡಿ. ಮಲ್ಲನ್ನ ಕಲ್ಲಿನ ಕೆಲಸಕ್ಕೆ ಕಳಿಸಾಣ.”

“ನಾನು ಸುಟ್ಟರೆ ಸೀದು ಹೋಗ್ತವೆ. ಬೀಗರಿಗೆ ಸೀದದ್ದು ತಿನ್ನಿಸಿ ಕಳಿಸ್ಲೇನು?”

“ಆದ್ರೂ…”

“ಶಾಸ್ತ್ರ ನಮ್ಮ ಕಡೆ ಐತೆ ಕಣಯ್ಯ. ಹೆದರೋನು ಹೆದರ್ಲಿ” ಎಂದು ಮೀಸೆ ತೀಡಿದರು. ಆಮೇಲೆ ಆಚೆ ದೂರದಲ್ಲಿ ಕಲ್ಲು ಹೊಂದಿಸುತ್ತಿದ್ದ ಮಲ್ಲನನ್ನು ಕರೆದು, “ಲೇ ಮಲ್ಲ, ನಾಳೆ ಬೀಗರು ಬರ್ತಾರೆ. ಶೇಂಗಾ ಚೆನ್ನಾಗಿರ್ಬೇಕು, ನೋಡು” ಎಂದರು. ಮಲ್ಲ ಶೇಂಗಾದ ಚೀಲವನ್ನೇ ಹೆಗಲಿಗೇರಿಸಿಕೊಂಡು, “ಮನೆಗೊಯ್ದು ಆರಿಸ್ಕಂಡು ತರ್ತೀನಿ ಬುದ್ಧಿ. ನೀವು ಸುಮ್ಕಿರ್ರಿ” ಎಂದು ಹೊರಟ.

ಸೋಮವಾರ ಬೆಳಿಗ್ಗೆ ಮಂಜು ಇನ್ನೂ ಜೋಳದ ಹೊಲದ ಮೇಲೆ ಇದ್ದಾಗಲೇ ಗಾಡಿ ಬಂತು. ಗಂಡಿನ ತಂದೆ ಶಾಲು ಹೊದ್ದು, ಮೂಗು ಒರೆಸಿಕೊಳ್ಳುತ್ತ ಇಳಿದರು. ಅಯ್ಯನವರು ವಯಸ್ಸಾದವರು, ತೆಳ್ಳಗಿನ ಮೈ, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಇಬ್ಬರೂ ನಮ್ಮ ಮೋಜಣಿದಾರರಿಗಿಂತ ಮೊದಲು ಬೆಂಕಿಗೆ ನಮಸ್ಕಾರ ಮಾಡುವವರಂತೆ ಕೈ ಚಾಚಿದರು. ಕಂಬಳಿ ಹಾಸಿ ಕೂರಿಸಿದ್ದಾಯಿತು. ಮಲ್ಲ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ. ಸುಟ್ಟ ಶೇಂಗಾವನ್ನು ಗೋಣಿಯ ಮೇಲೆ ಹರಡಿ ಅವನು ಆಗಲೇ ಹಿಂದೆ ಸರಿದಿದ್ದ.

“ಏನಪ್ಪ” ಎಂದರು ಅಯ್ಯನವರು, “ಅವನು ಸುಟ್ಟದ್ದು ನೀನು ತಿಂತೀಯಂತೆ?”

“ತಿಂತೀನಿ ಬುದ್ಧಿ.”

“ಯಾವ ಧೈರ್ಯದ ಮ್ಯಾಲೆ?”

“ಸುಟ್ಟದ್ದಕ್ಕೆ ಮುಸುರೆಯಿಲ್ಲ ಅನ್ನೋ ಧೈರ್ಯದ ಮ್ಯಾಲೆ. ನೀರಿಲ್ಲ, ಉಪ್ಪಿಲ್ಲ, ಮಡಕೆಯಿಲ್ಲ. ಅವನು ಮುಟ್ಟೋದು ಸರ್ಕಾರದ ಸಲಾಕೆ. ಸಲಾಕೆ ಮುಟ್ಟೋದು ಸಿಪ್ಪೆ. ನಾನು ತಿನ್ನೋದು ಒಳಗಿನ ಕಾಳು. ಮಠದ ಕಣಜಕ್ಕೆ ಬರೋ ಜೋಳ ಕುಯ್ದೋರು ಯಾರು, ಒಕ್ಕಿದೋರು ಯಾರು ಅಂತ ಬುದ್ಧಿಯೋರಿಗೆ ನಾನು ಹೇಳ್ಬೇಕಾ?”

ಅಯ್ಯನವರು ನಕ್ಕರು. ನಿಜಕ್ಕೂ ಒಳ್ಳೆಯ ನಗೆ. “ಮಾತಿನಾಗೆ ನಿನ್ನ ಹಿಡಿಯೋಕಾಗಲ್ಲ. ಶಾಸ್ತ್ರಾನೂ ಹಂಗೇ ಐತೆ ಅನ್ನು. ಹ್ಞೂ, ಒಂದು ಹಿಡಿ ಹಾಕು ನೋಡಾಣ.” ಅಷ್ಟರಲ್ಲಿ ಲಗ್ನ ಆದಂತೆಯೇ. ಮೋಜಣಿದಾರರು ತಮ್ಮ ಕೈಯಾರೆ ಎರಡು ಬೊಗಸೆ ಬಡಿಸಿ, ನನಗೂ ಕೊಟ್ಟು, ತಾವೂ ತೆಗೆದುಕೊಂಡರು. ಸಿಪ್ಪೆ ಒಡೆಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹಸಿದ ಹೊಟ್ಟೆ, ಕೊರೆಯುವ ಚಳಿ, ಬಿಸಿ ಕಾಳು. ಒಂದು ಹಿಡಿ ತಿಂದು ಎರಡನೆಯದಕ್ಕೆ ಕೈ ಹಾಕುವವರೆಗೆ ಯಾರಿಗೂ ನಾಲಗೆಯ ಕಡೆ ಗಮನವಿರಲಿಲ್ಲ.

ಆಮೇಲೆ ಎಲ್ಲರ ದವಡೆಯೂ ಒಟ್ಟಿಗೆ ನಿಂತಿತು.

ಉಪ್ಪು. ಹಿತವಾದ, ಕಾಳಿನ ಹೊಟ್ಟೆಗೆ ಇಳಿದ ಉಪ್ಪು. ಇಂಥ ಉಪ್ಪು ಮೇಲೆ ಉದುರಿಸಿದರೆ ಬರುವುದಿಲ್ಲ. ಉಪ್ಪುನೀರು ತುಂಬಿದ ಮಡಕೆಯಲ್ಲಿ ಕಾಯಿಯನ್ನು ನೆನೆಹಾಕಿ, ಆರಿಸಿ, ಆಮೇಲೆ ಸುಟ್ಟರೆ ಮಾತ್ರ ಬರುತ್ತದೆ. ಅಂಥ ರುಚಿಯ ಶೇಂಗಾ ನಾನು ಹುಟ್ಟಿದ ಮೇಲೆ ತಿಂದಿರಲಿಲ್ಲ.

“ಉಪ್ಪು ಹತ್ತಿದಂಗಾತಲ್ಲ?” ಎಂದರು ಅಯ್ಯನವರು ನಿಧಾನವಾಗಿ.

ಗಂಡಿನ ತಂದೆ ಕೈಯಲ್ಲಿದ್ದ ಸಿಪ್ಪೆಗಳನ್ನು ಒಂದು ಸಲ ನೋಡಿಕೊಂಡರು. ತಿಂದದ್ದಕ್ಕೆ ಅಷ್ಟು ಸಾಕ್ಷಿ ಎದುರಿಗೇ ಬಿದ್ದಿತ್ತು. “ನನಗೇನೂ ಹತ್ತಲಿಲ್ಲಪ್ಪ” ಎಂದರು. “ಶೀತ ಆಗೈತಲ್ಲ, ನಾಲಗೆ ಕೆಟ್ಟೈತೆ.”

ಅಯ್ಯನವರು ನನ್ನ ಕಡೆ ನೋಡಿದರು. ನಾನು ಸರ್ಕಾರದ ಗುಮಾಸ್ತ, ಕಂಡದ್ದನ್ನು ಕಂಡಂತೆ ಬರೆಯುವುದು ನನ್ನ ಉದ್ಯೋಗ. “ಮಣ್ಣಿನ ಗುಣ ಇರಬಹುದು ಬುದ್ಧಿ. ಇಲ್ಲಿ ಸವುಳು ಜಾಸ್ತಿ” ಎಂದೆ.

“ಇರಬಹುದು, ಇರಬಹುದು” ಎಂದರು ಅಯ್ಯನವರು. ಅವರ ಹೊಟ್ಟೆಗೂ ಒಂದು ಹಿಡಿ ಇಳಿದಿತ್ತು. “ಹಂಗಾದ್ರೆ ಉಪ್ಪಿಲ್ಲ ಅನ್ನು.”

ಮೋಜಣಿದಾರರು ಏನೂ ಹೇಳಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೇಳಿದ ಪ್ರಶ್ನೆಗೆ ಅಲ್ಲದ ಉತ್ತರ ಕೊಡುವುದರಲ್ಲಿ ಪಳಗಿದವರು ಅವರು. ಇಲ್ಲಿ ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲ.

ಆದರೆ ಅಯ್ಯನವರ ಕೊನೆಯ ಮಾತು ಮಾತ್ರ ಗಟ್ಟಿಯಾಗಿ ಬಂದು ಇಪ್ಪತ್ತು ಹೆಜ್ಜೆ ಆಚೆಗೂ ಕೇಳಿಸಿತ್ತು. ಮಲ್ಲ ಅಷ್ಟು ಹೊತ್ತೂ ನಗುಮುಖದಲ್ಲಿ, ಯಾರಾದರೂ ಚೆನ್ನಾಗೈತೆ ಅನ್ನುತ್ತಾರೆಂದು ಕಾದಿದ್ದ. ಅವನ ಮುಖ ಇಳಿಯಿತು. ತಲೆ ಕೆರೆದುಕೊಂಡು, ತನಗೇ ಹೇಳಿಕೊಳ್ಳುವವನಂತೆ, “ಹತ್ತೇ ಇಲ್ವಾ? ಕಮ್ಮಿ ಆತೇನೋ…” ಅಂದ.

ಮೋಜಣಿದಾರರು ಎದ್ದು ನಿಂತರು.

“ಇಲ್ಲ ಮಲ್ಲ. ಕಮ್ಮಿ ಆಗಿಲ್ಲ. ಹದವಾಗಿ ಐತೆ.” ಆಮೇಲೆ ಅಯ್ಯನವರ ಕಡೆ ತಿರುಗಿದರು. “ಉಪ್ಪು ಐತೆ ಬುದ್ಧಿ. ಉಪ್ಪು ಐತೆ ಅಂದ ಮ್ಯಾಲೆ ನೀರೂ ಐತೆ. ಅವನ ಮನೆ ಮಡಕೆ, ಅವನ ಮನೆ ನೀರು. ಬೀಗರು ಬರ್ತಾರೆ ಅಂತ ಅವನು ಮಾಡಿರೋದು. ಇದು ಮುಸುರೆ, ನಾನು ತಿಂದೀನಿ.” ಎಂದವರು ಗೋಣಿಯಿಂದ ಇನ್ನೊಂದು ಹಿಡಿ ತೆಗೆದುಕೊಂಡು, ಒಂದೊಂದೇ ಒಡೆದು, ಪೂರ್ತಿ ತಿಂದರು. ನಾವು ನೋಡುತ್ತ ಕೂತೆವು. ನನಗೆ ಇಂದಿಗೂ ನಾಚಿಕೆಯಾಗುವುದು ಆ ಸುಮ್ಮನೆ ಕೂತದ್ದಕ್ಕೆ.

ಅಯ್ಯನವರು ಕೈಯಲ್ಲಿದ್ದ ಸಿಪ್ಪೆಗಳನ್ನು ಬೆಂಕಿಗೆ ಹಾಕಿದರು. “ಸುಳ್ಳು ಹೇಳಿಸ್ಕಣಾಕೆ ನಾನು ತಯಾರಿದ್ದೆ ಕಣಪ್ಪ. ನೀನು ಬಿಡಲಿಲ್ಲ” ಎಂದರು. “ಒಂದು ವರ್ಷ ನೀನು ಪಂಕ್ತಿಯಾಗೆ ಕೂರಂಗಿಲ್ಲ. ನಾನು ಮೂರು ದಿನ ಉಪವಾಸ ಮಾಡ್ತೀನಿ.”

“ನಂದು?” ಎಂದರು ಗಂಡಿನ ತಂದೆ ಗಾಬರಿಯಿಂದ.

“ನಿಮಗೇನೂ ಇಲ್ಲ. ನಾಲಗೆ ಕೆಟ್ಟೋರಿಗೆ ಯಾವ ಪ್ರಾಯಶ್ಚಿತ್ತಾನೂ ಹೇಳಿಲ್ಲ.”

ಗಾಡಿ ಹೋಯಿತು. ಮಲ್ಲನಿಗೆ ಆಗಿದ್ದೇನೆಂದು ನಾನೇ ಬಿಡಿಸಿ ಹೇಳಬೇಕಾಯಿತು. ಮರುದಿನ ಬೆಳಿಗ್ಗೆ ಬಂದವನು ಬೆಂಕಿಯ ಹತ್ತಿರ ಬಾರದೆ ದೂರದಲ್ಲೇ ನಿಂತ. “ಲೇ, ಯಾಕೋ ಅಲ್ಲಿ ನಿಂತೆ? ಗೆಣಸು ಸೀಯ್ತಾವೆ ಬಾರೋ!” ಎಂದು ಮೋಜಣಿದಾರರು ಕೂಗಿದರು. ಅವರ ದನಿ ಎಂದಿನಂತೆಯೇ ಇತ್ತು. ಗೆಣಸು ಮಾತ್ರ ಆಗಲೇ ಸೀದಿತ್ತು. ಅವರು ತಾವೇ ಸುಡಲು ಹೋಗಿದ್ದರು.

ಮೂರನೆಯ ದಿನ ಭೀಮಸಮುದ್ರದಿಂದ ಆಳು ಬಂದ. ಮನೆಯ ಹಿರಿಯರೊಬ್ಬರಿಗೆ ಕೆಟ್ಟ ಕನಸು ಬಿದ್ದಿರುವುದರಿಂದ ಲಗ್ನ ನಿಲ್ಲಿಸಬೇಕಾಗಿದೆ ಎಂದು ಹೇಳಿದ. ವೀಳ್ಯದ ಶಾಸ್ತ್ರಕ್ಕೆ ಕೊಟ್ಟಿದ್ದ ಸೀರೆಯನ್ನು ವಾಪಸು ಕೇಳಿದ. ಮೋಜಣಿದಾರರು ಆ ಆಳನ್ನೂ ನನ್ನನ್ನೂ ಜೊತೆಗೆ ಕರೆದುಕೊಂಡು ಹೊಳಲ್ಕೆರೆಯ ತಮ್ಮ ಮನೆಗೆ ಹೊರಟರು. ಸಾವಿರ ಎಕರೆಯ ವ್ಯಾಜ್ಯಕ್ಕೆ ಒಬ್ಬರೇ ಹೋಗುತ್ತಿದ್ದವರು.

ಮನೆಯಲ್ಲಿ ಸುದ್ದಿ ಹೇಳಿದ್ದಾಯಿತು. ನೀಲಮ್ಮನ ತಾಯಿ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು. “ಒಂದು ಮಾತಿಗೆ ಮಗಳ ಬಾಳು ಹಾಳು ಮಾಡಿದ್ರಲ್ಲ, ಸುಮ್ನಿರಕ್ಕೆ ನಿಮಗೇನಾಗಿತ್ತು?” ಎಂದು ಒಳಗಿನಿಂದ ಅಳು ಕೇಳುತ್ತಿತ್ತು. ಮೋಜಣಿದಾರರು ಪಡಸಾಲೆಯ ಕಂಬಕ್ಕೆ ಒರಗಿ, ಕೊಲೆ ಮಾಡಿದವರ ಹಾಗೆ ಕೂತಿದ್ದರು. ಎರಡೂ ಕಣ್ಣು ಪೂರ್ತಿ ತೆರೆದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನೀಲಮ್ಮ ಸೀರೆಯನ್ನು ಮಡಿಸಿ ತಂದು ಆಳಿಗೆ ಕೊಡಲು ಗಂಟು ಕಟ್ಟುತ್ತಿದ್ದಳು. ಗಂಟು ಬಿಗಿದು, ತಲೆ ಎತ್ತದೆಯೇ ಕೇಳಿದಳು:

“ಅಪ್ಪಾ, ಉಪ್ಪು ಇತ್ತಾ?”

“ಇತ್ತವ್ವ.”

“ಅವರಿಗೆ ಗೊತ್ತಾಗಿತ್ತಾ?”

“ಗೊತ್ತಾಗಿತ್ತು.”

“ಹಂಗಾದ್ರೆ ಬಿಡು. ತಿಂದು ಇಲ್ಲ ಅನ್ನೋರ ಮನೇಲಿ, ನಾಳೆ ನಾನು ಮಾಡಿದ ಅಡಿಗೆಗೆ ಏನಂತಾರೋ ಯಾರಿಗೆ ಗೊತ್ತು?”

ಅಷ್ಟು ಹೇಳಿ ಅವ್ವನನ್ನು ಸಮಾಧಾನ ಮಾಡಲು ಒಳಗೆ ಹೋದಳು. ಮೋಜಣಿದಾರರು ರುಮಾಲು ತೆಗೆದು ತಿರುಗಿ ಸುತ್ತಿಕೊಂಡರು. ಆಮೇಲೆ, “ನಡಿ ಹೋಗಾಣ” ಎಂದು ಎದ್ದರು.

ಗಾಡಿ ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ಅವಳು ಅಂದಿದ್ದು ಕೇಳಿಸ್ಕಂಡ್ಯಾ?”

“ಕೇಳಿಸ್ಕಂಡೆ.”

“ಏನಂದ್ಳು? ಇನ್ನೊಂದ್ಸಲ ಹೇಳು.”

ಹೇಳಿದೆ. ಬಿ.ದುರ್ಗ ಬರುವಷ್ಟರಲ್ಲಿ ನಾಲ್ಕು ಸಲ ಹೇಳಿಸಿದರು.